ಮೀಟರಿನ ಸೊನ್ನೆ

ಎರಡು ಕನ್ನಡಿ, ನಾಲ್ಕು ತಿರುಪು, ಕೊನೆಗೊಂದು ಪುಟ್ಟ ಲೆನ್ಸು. ಇಷ್ಟನ್ನು ಮುಂದಿಟ್ಟುಕೊಂಡು ಅಕ್ಕ ಮೂರು ದಿನದಿಂದ ತಿಣುಕುತ್ತಿದ್ದಳು. ಲೇಸರಿನ ಬೆಳಕನ್ನು ಫೈಬರ್ ಎಂಬ ಗಾಜಿನ ಎಳೆಯೊಳಗೆ ತೂರಿಸಬೇಕು. ಎಳೆಯಲ್ಲಿ ಬೆಳಕು ಹಿಡಿಯುವ ಜಾಗವೋ, ಕೂದಲಿನ ಹತ್ತರಲ್ಲೊಂದು ಪಾಲೂ ಇಲ್ಲ. ಒಂದು ಕನ್ನಡಿಯನ್ನು ಬೇಕೆಂದೇ ತುಸು ಕೆಡಿಸಬೇಕು, ಇನ್ನೊಂದರಿಂದ ಸರಿಪಡಿಸಬೇಕು, ಮೊದಲಿಗಿಂತ ಹೆಚ್ಚು ಒಳಹೋಯಿತೇ ನೋಡಬೇಕು. ಈ ಕೆಲಸಕ್ಕೆ ಕೂತವರಿಗೆ ದೇವರು ತಾಳ್ಮೆ ಕೊಡಬೇಕು, ಇಲ್ಲವೇ ಬೇರೆ ಕೆಲಸ ಕೊಡಬೇಕು.

ಎಳೆಯ ಇನ್ನೊಂದು ತುದಿ ಗೋಡೆಯ ತೂತಿನಿಂದ ಪಕ್ಕದ ಕೋಣೆಗೆ, ತಮ್ಮನ ಮೇಜಿಗೆ ಹೋಗಿತ್ತು. ಅಲ್ಲಿ ಅದನ್ನು ಬೆಳಕು ಅಳೆಯುವ ಡಬ್ಬಿಗೆ ತಿರುಚಿ ಕೂರಿಸಿದ್ದರು. ಅಂಕಿ ಮಾತ್ರ ಅಕ್ಕನ ಮುಂದಿನ ಮೀಟರಿನಲ್ಲಿ ಕಾಣುತ್ತಿತ್ತು. ತಮ್ಮನಿಗೆ ವರ್ಕ್‌ಶಾಪಿನವರು ಇಟ್ಟ ಹೆಸರು ಗಡಿಬಿಡಿರಾಯ. ಕೈ ಮುಂದೆ, ಬುದ್ಧಿ ಹಿಂದೆ. ಆದರೆ ಫೈಬರಿನ ತುದಿ ಒರೆಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಬೆಳಗ್ಗೆ ಇಬ್ಬರೂ ಸಣ್ಣ ಕೆಂಪು ಬೆಳಕನ್ನು ಹಾಯಿಸಿ ದಾರಿ ಗುರುತಿಸಿದ್ದರು. ಅದು ಸಾಧು ಬೆಳಕು, ಕಣ್ಣಿಗೂ ಕಾಣುತ್ತದೆ. ಊಟವಾದ ಮೇಲೆ ತಮ್ಮ ಹೊರಗೆ ಹೋದಾಗ ಅಕ್ಕ ಅದನ್ನು ತೆಗೆದು ದೊಡ್ಡ ಲೇಸರ್ ಹಚ್ಚಿದಳು. ಅದರ ಬೆಳಕು ಕಾಣುವುದಿಲ್ಲ. ಸುಡುವುದೊಂದೇ ಅದಕ್ಕೆ ಗೊತ್ತು. ಹಚ್ಚುವ ಮೊದಲು ಆಚೆ ಮೇಜಿನ ಮೇಲೆ ಎಚ್ಚರಿಕೆಯ ಹಳದಿ ಫಲಕ ಇಡಬೇಕೆಂಬುದು ಅವಳೇ ಮಾಡಿದ ನಿಯಮ. ಅವನು ಹೇಗೂ ಇಲ್ಲವಲ್ಲ, ಆಮೇಲೆ ಇಟ್ಟರಾಯಿತು ಎಂದುಕೊಂಡಳು.

ಅವತ್ತು ತಿರುಪುಗಳು ಮಾತು ಕೇಳಿದವು. ನೂರಕ್ಕೆ ನಲವತ್ತು ಪಾಲು ಬೆಳಕು ಒಳಹೋಯಿತು, ಐವತ್ತೈದಾಯಿತು. ಲೆನ್ಸನ್ನು ಒಂದು ಚೂರು ಹಿಂದೆ ಸರಿಸಿದಳು, ಎಪ್ಪತ್ತೊಂದು. ಫಲಕದ ನೆನಪೇ ಹಾರಿಹೋಯಿತು. ಎಪ್ಪತ್ತಮೂರು ಬಂದಾಗ ಒಬ್ಬಳೇ ನಕ್ಕಳು.

ಇದ್ದಕ್ಕಿದ್ದಂತೆ ಮೀಟರ್ ಸೊನ್ನೆ ತೋರಿಸಿತು.

"ಥತ್!" ಮೊಣಕೈ ತಗುಲಿತೇನೋ ಎಂದುಕೊಂಡಳು. ಕಳೆದ ಬೆಳಕನ್ನು ಹುಡುಕಲು ಈ ಕಸುಬಿನವರು ಮಾಡುವುದನ್ನೇ ಮಾಡಿದಳು, ಲೇಸರಿನ ಬಲ ಏರಿಸಿದಳು. ಮೀಟರ್ ಅಲುಗಲಿಲ್ಲ. ಇನ್ನಷ್ಟು ಏರಿಸಿದಳು.

ಆಗ ಹೊಳೆಯಿತು. ತಿರುಪು ತಪ್ಪಿದರೆ ಅಂಕಿ ಇಳಿಯುತ್ತದೆ, ಆದರೂ ಚೂರುಪಾರು ಉಳಿಯುತ್ತದೆ. ಹೀಗೆ ಒಂದೇ ಏಟಿಗೆ ಸೊನ್ನೆಯಾಗುವುದಿಲ್ಲ. ಆಚೆ ಯಾರೋ ತುದಿಯನ್ನು ಬಿಚ್ಚಿ ಡಬ್ಬಿಯ ಬಾಯಿಗೆ ಮುಚ್ಚಳ ಹಾಕಿದ್ದಾರೆ. ಬಿಚ್ಚಿದವನು ಮುಂದೆ ಏನು ಮಾಡುತ್ತಾನೆ? ಧೂಳು ಕೂತಿದೆಯೇ ಎಂದು ತುದಿಯನ್ನು ಕೈಯಲ್ಲಿ ಹಿಡಿಯುವ ಮೈಕ್ರೋಸ್ಕೋಪಿಗೆ ಸಿಕ್ಕಿಸಿ ಕಣ್ಣಿಗಿಡುತ್ತಾನೆ.

ಅಷ್ಟು ಭಯವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆರಿಸುವ ಗುಂಡಿ ಮೂಗಿನ ಮುಂದೆಯೇ ಇದ್ದರೂ ಬೆರಳು ಎರಡು ಸಲ ತಪ್ಪಿತು. ಆರಿಸಿ, "ನೋಡಬೇಡ್ವೋ!" ಎಂದು ಕಿರುಚುತ್ತ ಓಡಿದಳು.

ತಮ್ಮ ಸ್ಟೂಲಿನ ಮೇಲೆ ಕೂತಿದ್ದ. ಮೈಕ್ರೋಸ್ಕೋಪು ಎಡಗಣ್ಣಿಗೆ ಒತ್ತಿಕೊಂಡಿತ್ತು.

"ಏನಕ್ಕಾ, ಮನೆಗೆ ಬೆಂಕಿ ಬಿದ್ದೋರ ಥರ? ಕೆಂಪು ಬೆಳಕು ಕಾಣಲಿಲ್ಲ, ಆರಿಸಿದ್ದೀಯ ಅಂದ್ಕೊಂಡು ತುದಿ ನೋಡ್ತಿದ್ದೆ."

"ಎಷ್ಟು ಹೊತ್ತಾಯ್ತು?"

"ಈಗ ತಾನೆ." ಅವಳ ಮುಖ ನೋಡಿ ಅವನ ನಗು ಆರಿತು. "ದೊಡ್ಡದು ಹಚ್ಚಿದ್ಯಾ?"

ಅಕ್ಕ ಮೇಜಿನ ಮೇಲಿದ್ದ ಪುಸ್ತಕದಿಂದ ಚೌಕುಳಿ ಗೆರೆಯ ಕಾಗದ ಕಿತ್ತು, ನಟ್ಟನಡುವೆ ಒಂದು ಅಂಕಿ ಬರೆದು ಅವನೆದುರು ಹಿಡಿದಳು. ಕಣ್ಣೊಳಗೆ ಸುಟ್ಟಿದ್ದರೆ ಗೆರೆ ಸೊಟ್ಟಗೆ ಕಾಣುತ್ತದೆ, ಇಲ್ಲವೇ ನಡುವೆ ಏನೂ ಕಾಣುವುದಿಲ್ಲ.

"ಬಲಗಣ್ಣು ಮುಚ್ಚು. ಗೆರೆ ನೇರ ಇದೆಯಾ?"

ತಮ್ಮ ಅಂಗೈಯಿಂದ ಬಲಗಣ್ಣು ಮುಚ್ಚಿದ. "ರೈಲು ಹಳಿ ಥರ ಇದೆ. ಸುಮ್ನೆ ಹೆದರ್ತೀಯಲ್ಲ!"

ಬಾಯಿಗೆ ಬಂದಿದ್ದ ಜೀವ ಒಂದಿಷ್ಟು ಕೆಳಗಿಳಿಯಿತು. ಆದರೂ ಕೇಳಿದಳು. "ನಡುವೆ ಏನು ಬರೆದಿದ್ದೀನಿ?"

"ಎಲ್ಲಿ?"

"ನಡುವೆ ಕಣೋ. ನೇರ ನೋಡು."

ಅವನು ಕತ್ತನ್ನು ಅತ್ತ ಓರೆ ಮಾಡಿದ, ಇತ್ತ ಓರೆ ಮಾಡಿದ. ಕಾಗದದ ಹತ್ತಿರ ಬಂದ, ಹಿಂದೆ ಸರಿದ. ಕೊನೆಗೆ ಅಕ್ಕನ ಕಣ್ಣಲ್ಲಿ ನೀರು ತುಂಬುವುದನ್ನು ಕಂಡ.

"ಒಂಬತ್ತು," ಎಂದ. "ಒಂಬತ್ತು ಬರೆದಿದ್ದೀಯ. ಕಾಣದೆ ಏನು? ಅಳಬೇಡ."

ಅಂಕಿ ಒಂಬತ್ತೇ. ಆದರೆ ಬಲಗಣ್ಣಿನ ಮೇಲಿದ್ದ ಅವನ ಬೆರಳುಗಳು ಮೆಲ್ಲಗೆ ಬಿಚ್ಚಿಕೊಂಡು ಮತ್ತೆ ಕೂಡಿದ್ದನ್ನು ಅಕ್ಕ ನೋಡಿದ್ದಳು.