ತಳ ಕಿತ್ತ ಬುಟ್ಟಿಯ ಸಿಟ್ಟು

ನಾನು ಒಂದು ಬಿದಿರಿನ ಬುಟ್ಟಿ. ಕಸದ ಬುಟ್ಟಿ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಹುಟ್ಟಿದ್ದು ರೊಟ್ಟಿ ಬುಟ್ಟಿಯಾಗಿ. ಕಸ ಹೊರುವ ಹಣೆಬರಹವನ್ನು ಆಮೇಲೆ ಒಬ್ಬ ಕಾದಂಬರಿಕಾರ ಬರೆದ. ಅವನಿಗೆ ಬಹುವಚನ ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಚಿತ್ರದುರ್ಗದ ಮೇದಾರ ಕೇರಿಯಲ್ಲಿ ತಿಪ್ಪಮ್ಮ ಎಂಬಾಕೆ ನನ್ನನ್ನು ಹೆಣೆದಳು. ಹೊಟ್ಟೆ ಒಂದು ಕಡೆ ಉಬ್ಬಿತೆಂದು ಎರಡು ಸಲ ಪೂರ್ತಿ ಬಿಚ್ಚಿ, ಮೂರನೆಯ ಸಲ ಹೆಣೆದಳು. ಬಿಚ್ಚಿದ್ದೂ ಬೀದಿಯಲ್ಲೇ, ಹೋಗಿಬರುವವರ ಎದುರಿಗೇ. ಅದರಲ್ಲಿ ಅವಳಿಗೆ ನಾಚಿಕೆಯೇನೂ ಇರಲಿಲ್ಲ. ನನ್ನನ್ನು ಕೊಳ್ಳಲು ಬಂದ ಶಾಂತವೀರಮ್ಮನಿಗೆ ನನ್ನ ಕೊರತೆಯನ್ನೂ ಅವಳು ಮುಚ್ಚಿಡಲಿಲ್ಲ.

"ತಳಕ್ಕೆ ಎಳೆ ಬಿದಿರು ಹಾಕೀನಿ ಕಣವ್ವ, ಬಲಿತಿದ್ದು ಸಿಗಲಿಲ್ಲ. ಮುಂದೆ ಹುಳ ಬಿದ್ರೂ ಬೀಳಬಹುದು" ಅಂದಳು.

ಎರಡು ವರ್ಷ ಶಾಂತವೀರಮ್ಮನ ಅಡುಗೆಮನೆಯಲ್ಲಿ ಬಿಸಿ ಜೋಳದ ರೊಟ್ಟಿ ತುಂಬಿಕೊಂಡು ಸುಖವಾಗಿದ್ದೆ. ಒಂದು ದಿನ ಅವಳ ಗಂಡ ಪಾಲಾಕ್ಷಯ್ಯ ಬಂದು, ರೊಟ್ಟಿಗಳನ್ನು ತಟ್ಟೆಗೆ ಸುರಿದು, ನನ್ನನ್ನು ಎತ್ತಿಕೊಂಡು ಹೋಗಿ ತನ್ನ ಮೇಜಿನ ಕೆಳಗೆ ಕುಕ್ಕಿದ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದ ಮನುಷ್ಯ. ಈಗ ಇಲ್ಲದ ಲೋಕಗಳ ಬಗ್ಗೆ ಕಾದಂಬರಿ ಬರೆಯತೊಡಗಿದ್ದ. ಅಂದಿನಿಂದ ನಾನು ಕಂಡಿದ್ದು ಅವನ ಮೊಣಕಾಲು, ಸವೆದ ಚಪ್ಪಲಿ ಮತ್ತು ಅವನು ಮುದುರಿ ಎಸೆದ ಹಾಳೆಗಳು.

ಅವನ ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತಿದ್ದವಂತೆ. ಒಂದು ಮಧ್ಯಾಹ್ನ ಅವೆಲ್ಲ ಒಟ್ಟಿಗೇ ನಿಂತುಬಿಟ್ಟವು. ಅವನು ಚಹಾ ಆರುವವರೆಗೂ ನೋಡುತ್ತ ನಿಂತಿದ್ದ. ಗಾಳಿಯೇ ಬೀಸದ ಲೋಕದ ಕಾದಂಬರಿ ಹುಟ್ಟಿದ್ದು ಹಾಗೆ. ಆಮೇಲೆ ಶುರುವಾಯಿತು ಹೆಂಡತಿಗೆ ಪ್ರಶ್ನೆಗಳ ಕಾಟ.

"ಲೇ ಇವಳೇ, ಗಾಳಿನೇ ಇಲ್ಲ ಅಂದ್ರೆ ರಾಗಿ ತೂರೋದು ಹೆಂಗೆ?"

"ತೂರಕ್ಕೆ ಎಲ್ಲಾಗುತ್ತೆ? ಕಣದ ರಾಗಿನೆಲ್ಲ ಮೊರದಾಗೆ ಕೇರಬೇಕು. ಹೆಂಗಸರ ತೋಳು ಬಿದ್ದೋಗುತ್ತೆ, ಅಷ್ಟೇಯ" ಅಂದಳು ಶಾಂತವೀರಮ್ಮ, ಬಾಗಿಲಲ್ಲೇ ನಿಂತು.

ಆ ಲೋಕದ ಹೆಂಗಸರು ಮೊರಗಳನ್ನು ಬಿಸಾಕಿ ಮುಷ್ಕರ ಹೂಡುವ ಮೂರನೆಯ ಅಧ್ಯಾಯ ಬಂದಿದ್ದು ಈ ಒಂದು ಮಾತಿನಿಂದ. ಮುನ್ನುಡಿಯಲ್ಲಿ ಅವಳ ಹೆಸರಿದೆಯೇ? ಹುಡುಕಿ ನೋಡಿ, ಇಲ್ಲ.

ಮೊದಲ ಪುಟವನ್ನಂತೂ ಅವನು ಮೂವತ್ತೊಂಬತ್ತು ಸಲ ಬರೆದ. ಪ್ರಯೋಗಶಾಲೆಯ ಅಭ್ಯಾಸ ಬಿಡಬೇಕಲ್ಲ! ಎಸೆಯುವ ಪ್ರತಿ ಹಾಳೆಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಷರಾ ಬರೆಯುತ್ತಿದ್ದ. "ಪ್ರಯೋಗ 17. ಫಲಿತಾಂಶ: ಸತ್ತಿದೆ. ಕಾರಣ: ಯಾರೂ ಮಾತಾಡುತ್ತಿಲ್ಲ, ಎಲ್ಲರೂ ಭಾಷಣ ಮಾಡುತ್ತಿದ್ದಾರೆ." "ಪ್ರಯೋಗ 26. ಫಲಿತಾಂಶ: ಸುಳ್ಳು. ಕಾರಣ: ಗಾಳಿಯಿಲ್ಲದ ಊರಿನಲ್ಲಿ ಪರದೆ ಅಲ್ಲಾಡಿದೆ." ನನಗೆ ಅವನ ಮೇಲೆ ಗೌರವ ಅಂತ ಇದ್ದರೆ ಆ ಕೆಂಪು ಷರಾಗಳಿಗಾಗಿ ಮಾತ್ರ. ಅವನ್ನು ಓದಿದ ಯಾರಾದರೂ ಬರೆಯುವುದನ್ನು ಕಲಿಯಬಹುದಿತ್ತು. ಆದರೆ ಪ್ರತಿ ಭಾನುವಾರ ಎಣ್ಣೆಸ್ನಾನದ ನೀರು ಕಾಯಿಸಲು ಹಂಡೆಯ ಒಲೆಗೆ ಹೋಗುತ್ತಿದ್ದುದು ಅವೇ ಹಾಳೆಗಳು. "ಒಂದೂ ಉಳೀಬಾರದು, ಯಾರ ಕಣ್ಣಿಗೂ ಬೀಳಬಾರದು" ಎಂದು ಹೆಂಡತಿಗೆ ಅವನ ಕಟ್ಟಪ್ಪಣೆ.

ಕಾದಂಬರಿ ಹೆಸರು ಮಾಡಿತು. ಸಲಹೆ ಕೇಳಲು ಜನ ಬರತೊಡಗಿದರು. ಅವರಿಗೆ ಇವನು ಹೇಳಿದ್ದೇನು? "ನಾನು ಒಂದೇ ಉಸಿರಿಗೆ ಬರೆಯುವವನು. ಬರೆದ ಸಾಲನ್ನು ತಿರುಗಿ ನೋಡಿದವನಲ್ಲ." ಹೊಟ್ಟೆ ತುಂಬ ಅವನ ತಪ್ಪುಗಳನ್ನು ಹೊತ್ತುಕೊಂಡು ಅವನ ಕಾಲಬುಡದಲ್ಲೇ ಕೂತಿದ್ದೆ ನಾನು! ಬಾಯಿ ಇಷ್ಟಗಲ ಇದ್ದೂ ಮಾತು ಬರಲಿಲ್ಲ. ಹಾಗೆ ಬಂದು ಹೋದ ಒಬ್ಬ ಮೇಷ್ಟರು ತಿಂಗಳ ನಂತರ ಕಾಗದ ಬರೆದರು: "ಸರ್, ನನಗೆ ನಿಮ್ಮ ಹಾಗೆ ಬರುವುದಿಲ್ಲ. ಬರೆಯುವುದನ್ನು ಬಿಟ್ಟೆ." ಅದನ್ನೂ ಮುದುರಿ ನನ್ನೊಳಗೇ ಹಾಕಿದ. ಅಂಥವು ಮೂರು ಕಾಗದ ಬಂದವು.

ಅಷ್ಟರಲ್ಲಿ ತಿಪ್ಪಮ್ಮ ಹೇಳಿದ್ದ ಹುಳ ನನ್ನ ತಳಕ್ಕೆ ಬಿದ್ದಿತ್ತು. ನೆಲದ ಮೇಲೆ ಹಳದಿ ಪುಡಿ ಉದುರುತ್ತಿತ್ತು. ಶಾಂತವೀರಮ್ಮ ದಿನಾ ಅದನ್ನು ಗುಡಿಸುತ್ತಿದ್ದಳು. ಗಂಡನಿಗೆ ಒಂದು ಮಾತೂ ಹೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನೇತ್ರಾವತಿ ಎಂಬ ಬಸ್ ಕಂಡಕ್ಟರ್ ಬಂದಳು. ಸತ್ತವರೂ ಬಸ್ಸು ಹತ್ತುವ ಒಂದು ಊರಿನ ಕತೆ ಅವಳದು. ಅವರಿಗೆ ಪೂರ್ತಿ ಟಿಕೆಟ್ಟೋ ಅರ್ಧವೋ ಎಂದು ಕಂಡಕ್ಟರಿಗೆ ಗೊಂದಲ. ನನಗಂತೂ ಕೇಳಿ ಖುಷಿಯಾಯಿತು.

"ಮೊದಲನೇ ಪುಟಾನೇ ಹನ್ನೊಂದು ಸಲ ಬರ್ದೀನಿ ಸರ್. ಆದ್ರೂ ಸರಿ ಬರ್ತಿಲ್ಲ."

"ಹಂಗಾದ್ರೆ ಅದು ನಿನ್ನೊಳಗೆ ಇಲ್ಲ ಕಣಮ್ಮ. ಇದ್ದಿದ್ರೆ ತಾನಾಗೇ ಬರ್ತಿತ್ತು. ನಿನಗ್ಯಾಕೆ ಈ ಉಸಾಬರಿ?"

ಅವಳು ಬಗ್ಗಿ, ತನ್ನ ಎರಡೂ ದಪ್ಪ ನೋಟುಪುಸ್ತಕಗಳನ್ನು ಅವನ ಹಾಳೆಗಳ ಮೇಲೆ ನನ್ನೊಳಗೆ ಇಟ್ಟಳು. ಅವನು ಬೇಡ ಅನ್ನಲಿಲ್ಲ. ಹಂಡೆ ಕಾಯಿಸಲು ಶಾಂತವೀರಮ್ಮ ಬಂದು ನನ್ನನ್ನು ಎತ್ತಿದಳು. ತುಂಬಿಕೊಂಡಿದ್ದನ್ನು ಚೆಲ್ಲದಿರುವುದೇ ಬುಟ್ಟಿಯ ಮರ್ಯಾದೆ. ಆ ಮರ್ಯಾದೆಯನ್ನು ಅವತ್ತು ಬಿಟ್ಟೆ. ತಳ ಕಿತ್ತುಬಂತು.

ನೋಟುಪುಸ್ತಕದ ಜೊತೆಗೆ ಕೆಂಪು ಷರಾದ ಹಾಳೆಗಳೆಲ್ಲ ನೇತ್ರಾವತಿಯ ಕಾಲ ಮೇಲೆ ಸುರಿದವು. ಆಗ ಅವನು ಹೊಸ ಕಾದಂಬರಿ ಹಿಡಿದಿದ್ದ, ಅದರ ಮೊದಲ ಪುಟದ ಹಾಳೆಗಳು ಅವು. ಅವಳು ಒಂದನ್ನು ಎತ್ತಿ ಗಟ್ಟಿಯಾಗಿ ಓದಿದಳು. "ಪ್ರಯೋಗ 22. ಫಲಿತಾಂಶ: ಮತ್ತೆ ಸೋತೆ." ಇನ್ನೊಂದು ಎತ್ತಿದಳು. "ಇದೇನ್ ಸರ್ ಇದು? ಇಪ್ಪತ್ತೆರಡೂ ಒಂದೇ ಪುಟ ಅಲ್ವಾ?"

"ಸುಡು ಆ ದರಿದ್ರ ಬುಟ್ಟೀನ!" ಎಂದು ಅವನು ಹೆಂಡತಿಯ ಮೇಲೆ ಕೂಗಾಡಿದ.

"ಯಾಕೆ ಸುಡ್ಲಿ? ನೋಡ್ಲಿ ಬಿಡಿ" ಅಂದಳು ಶಾಂತವೀರಮ್ಮ. ನೆಲದ ಮೇಲಿದ್ದ ನೋಟುಪುಸ್ತಕಗಳನ್ನು ಸೆರಗಿನಿಂದ ಒರೆಸಿ ನೇತ್ರಾವತಿಗೆ ಕೊಟ್ಟಳು. ನನ್ನನ್ನೂ ಕೊಟ್ಟಳು.

ಈಗ ನಾನು ನೇತ್ರಾವತಿಯ ಕೋಣೆಯ ಮೂಲೆಯಲ್ಲಿದ್ದೇನೆ. ತಳಕ್ಕೆ ಗೋಣಿತಟ್ಟು ಹೊಲಿದಿದ್ದಾಳೆ. ಅವಳ ಪುಸ್ತಕ ಇನ್ನೂ ಮುಗಿದಿಲ್ಲ. ಅವಳು ಯಾವ ಹಾಳೆಯನ್ನೂ ಸುಡುವುದಿಲ್ಲ, ತಪ್ಪಿದ್ದನ್ನೆಲ್ಲ ನನ್ನೊಳಗೇ ಇಡುತ್ತಾಳೆ. ಯಾರಾದರೂ ಬರೆಯುವುದು ಹೇಗೆಂದು ಕೇಳಿದರೆ ನನ್ನನ್ನು ಎಳೆದು ಅವರ ಮುಂದಿಡುತ್ತಾಳೆ.

ಇಷ್ಟಾದ ಮೇಲೂ ಸಿಟ್ಟೇಕೆ ಎಂದು ನೀವು ಕೇಳಬಹುದು. ಆ ಮೂರು ಕಾಗದಗಳನ್ನು ನಾನು ಮರೆತಿಲ್ಲ. ಅವನ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಆ ಮೂವರು ಬಂದು ಕೂತಾಗ ನನ್ನ ತಳ ಇನ್ನೂ ಗಟ್ಟಿಯಾಗಿತ್ತು.