ಮುಖ ತೊಳೆಯುವ ಕನ್ನಡಿ

ಮತ್ತೆ ಅದೇ ನಗು, ಹಲ್ಲಿನ ಡಾಕ್ಟರ ಬೋರ್ಡಿನ ಮೇಲಿರುವಂಥದ್ದು, ಭಾವ ಅದನ್ನು ಮನೆಯಿಂದಲೇ ಹಾಕಿಕೊಂಡು ಬಂದಿರಬೇಕು, ಪರೀಕ್ಷಾ ಕೋಣೆಯ ಬಾಗಿಲು ದಾಟಿದ ಮೇಲೆ ಒಮ್ಮೆಯೂ ಬಿಚ್ಚಿಲ್ಲ — ನೋಡಿ ಸರ್, ಬೆಳಕು ಬೆಳಕಾಗೇ ಬರುತ್ತೆ, ಬೆಳಕಾಗೇ ಹೋಗುತ್ತೆ, ಮಧ್ಯೆ ಕರೆಂಟಿನ ಮಾತೇ ಇಲ್ಲ, ಒಳಗಿರೋದು ಬರೀ ಪುಟಾಣಿ ಕನ್ನಡಿಗಳು — ಮತ್ತು ನಿರ್ದೇಶಕರು, ಫೈಬರ್ ಅಂದರೆ ವೈದ್ಯರು ತಿನ್ನಲು ಹೇಳುವ ಪದಾರ್ಥ ಎಂದುಕೊಂಡಿರುವ ಮಹಾನುಭಾವ, ತಲೆಯಾಡಿಸುವುದೇನು, ಭೇಷ್ ಎನ್ನುವುದೇನು. ಅವಳಿಗೆ ಆಕಳಿಕೆ ಬಂತು. ಒಂದು ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ಇನ್ನೊಂದು ಎಳೆಗೆ ತಿರುಗಿಸುವ ಪೆಟ್ಟಿಗೆ, ಅಷ್ಟೇ, ಅದಕ್ಕೆ ಮಖಮಲ್ಲು ಹೊದಿಸಿ ತಂದಿದ್ದಾನೆ ಪುಣ್ಯಾತ್ಮ. ಸೈ ಅಥವಾ ಇಲ್ಲ ಎನ್ನಬೇಕಾದವಳು ಅವಳು, ಇವರು ನನ್ನ ನೆಂಟರು ಎಂದು ಮೊದಲೇ ಹೇಳಿದ್ದಳು, ಇರ್ಲಿ ಬಿಡಿ ಮೇಡಂ, ಇದು ಅರ್ಥ ಆಗೋರು ಬೇರೆ ಯಾರಿದಾರೆ, ಅಂದಿದ್ದರು ನಿರ್ದೇಶಕರು. ಸೈ ಎಂದರೆ ಊರಿನ ಆಸ್ಪತ್ರೆ, ರೈಲು, ಫೋನು, ಎಲ್ಲದರ ಮಾತೂ ಇದರೊಳಗೆ ಹಾದುಹೋಗುತ್ತದೆ, ಇಲ್ಲ ಎಂದರೆ ಭಾವನ ಕಂಪನಿ ಬಾಗಿಲು ಹಾಕುತ್ತದೆ, ಹಾಕಲಿ, ಯಾರಿಗೇನು — ಆದರೆ ಅಕ್ಕ, ಪೆಟ್ಟಿಗೆ ಕಟ್ಟಿದ್ದು ಅಕ್ಕ, ಬೆಳಿಗ್ಗೆ ಎಳೆ ಜೋಡಿಸಿದ್ದೂ ಅಕ್ಕ, ಈಗ ಮೂಲೆಯ ಸ್ಟೂಲಿನ ಮೇಲೆ ಚೀಲ ತೊಡೆಗಿಟ್ಟುಕೊಂಡು ನೆಲ ನೋಡುತ್ತ ಕೂತಿರುವುದೂ ಅಕ್ಕನೇ. ಕಾಲೇಜಿಗೇ ಮೊದಲಿಗಳು, ಈ ಬಾಯಿಬಡುಕನ ಹಿಂದೆ ಚೀಲ ಹೊರುವವಳಾದಳಲ್ಲ, ಥೂ.

ಎರಡು ಪರದೆ, ಒಳಹೋಗುವ ಬೆಳಕಿಗೊಂದು, ಹೊರಬರುವ ಬೆಳಕಿಗೊಂದು, ಗೆರೆಗಳು ಒಂದರ ಮೇಲೊಂದು ಬಿದ್ದು ಕಣ್ಣಿನ ಆಕಾರವಾಗುತ್ತವೆ, ಸಿಗ್ನಲ್ ಸ್ವಚ್ಛವಿದ್ದರೆ ಕಣ್ಣು ಅರಳಿರುತ್ತದೆ, ಕೆಟ್ಟಿದ್ದರೆ ಮುಚ್ಚಿಕೊಳ್ಳುತ್ತದೆ — ಒಳಹೋಗುವ ಕಣ್ಣು ಅರೆಮುಚ್ಚಿದೆ, ನಿದ್ದೆಗೆಟ್ಟದ್ದು, ಹೊರಬರುವ ಕಣ್ಣು ಅರಳಿದೆ. ಪೂರ್ತಿ ಅರಳಿದೆ. ಎಷ್ಟು ಸ್ವಚ್ಛ ನೋಡಿ ಸರ್, ಭಾವ, ಹೌದ್ರೀ ಎಷ್ಟು ಸ್ವಚ್ಛ, ನಿರ್ದೇಶಕರು, ಚಪ್ಪಾಳೆ ಬೇರೆ, ಕರ್ಮ. ಎಷ್ಟೋ ವರ್ಷದ ಹಿಂದೆ, ಕೆನ್ನೆಯ ಮೇಲೆ ಶಾಯಿ, ಶಾಲೆಗೆ ಹೊತ್ತಾಗುತ್ತಿದೆ, ಪುಟ್ಟ ಹುಡುಗಿ, ತಾನೇ, ಬಟ್ಟೆ ಹಿಡಿದು ಕನ್ನಡಿಯನ್ನು ಉಜ್ಜುತ್ತಿದ್ದಾಳೆ, ಎಷ್ಟು ಉಜ್ಜಿದರೂ ಶಾಯಿ ಅಲ್ಲೇ, ಅಕ್ಕ ಹಿಂದಿನಿಂದ ಬಂದು ಗಲ್ಲ ಹಿಡಿದು ತಿರುಗಿಸಿ, ಕನ್ನಡಿ ತೋರ್ಸುತ್ತೆ ಕಣೆ ಪೆದ್ದಿ, ತೊಳೆಯಲ್ಲ. ತೊಳೆಯಲ್ಲ. ಬರೀ ಕನ್ನಡಿಯಾದರೆ ಕೆಟ್ಟು ಒಳಹೋದದ್ದು ಕೆಟ್ಟೇ ಹೊರಬರಬೇಕಿತ್ತು, ಹಾಗಾದರೆ ಇಲ್ಲಿ ತೊಳೆದದ್ದು ಯಾರು, ಕನ್ನಡಿಯೂ ಇಲ್ಲ ಮಣ್ಣೂ ಇಲ್ಲ, ಬೆಳಕನ್ನು ವಿದ್ಯುತ್ತು ಮಾಡಿ, ತಿದ್ದಿ, ಮತ್ತೆ ಬೆಳಕು ಮಾಡಿ ಕಳಿಸುವ ಹಳೇ ಸರ್ಕ್ಯೂಟು ಕೂತಿದೆ ಒಳಗೆ, ನಾಳೆ ವೇಗ ಏರಿದ ದಿನ ಅದು ತಾಳಲಾರದೆ ಆಸ್ಪತ್ರೆ ರೈಲು ಸಮೇತ ಉಸಿರುಕಟ್ಟಿ ಮಲಗುತ್ತದೆ.

ಸುಮ್ಮನಿದ್ದುಬಿಡಲೇ. ಅಕ್ಕನ ಸಂಸಾರ ಉಳಿಯುತ್ತದೆ, ಅಕ್ಕನೂ ಸೇರಿಯೇ ಮಾಡಿದ್ದಾಳಲ್ಲ, ಛೀ, ಇಷ್ಟು ಹೊತ್ತು ಎಲ್ಲರಿಗೂ ಉಗಿದವಳು ತಾನೂ ಅದೇ ಸಾಲಿಗೆ ಬಂದು ನಿಂತಳೇ — ಆದರೆ ತಾಳು, ಸ್ವಚ್ಛ ಸಿಗ್ನಲ್ ಕೊಟ್ಟು ಸ್ವಚ್ಛ ತೆಗೆದಿದ್ದರೆ ಯಾರಪ್ಪನಿಗೂ ತಿಳಿಯುತ್ತಿರಲಿಲ್ಲ, ಕೆಟ್ಟದ್ದನ್ನು ಯಾಕೆ ಕೊಟ್ಟರು, ಯಾರು ಕೊಟ್ಟರು, ಅವಳ ಕಣ್ಣು ಎಳೆಯ ಜಾಡು ಹಿಡಿದು ಮೇಜಿನ ಕೆಳಗೆ ಹೋಯಿತು, ಅಲ್ಲೊಂದು ಪೆನ್ಸಿಲ್, ಅದರ ಸುತ್ತ ಎಳೆಯನ್ನು ಬಿಗಿಯಾಗಿ ಸುತ್ತಿದೆ, ಹಾಗೆ ಬಗ್ಗಿಸಿದರೆ ಬೆಳಕು ಸೋರಿ ಸೊರಗುತ್ತದೆ, ಕಾಲೇಜು ಹುಡುಗರಿಗೂ ಗೊತ್ತು, ಕೈತಪ್ಪಿ ಆಗುವ ಕೆಲಸವಲ್ಲ, ಸುರುಳಿಗಳು ಜಡೆ ಹೆಣೆದಷ್ಟು ಒಪ್ಪ, ಆ ಒಪ್ಪ ಅವಳಿಗೆ ಗೊತ್ತು, ಎಷ್ಟು ವರ್ಷ ಅವಳ ಜಡೆ ಹೆಣೆದ ಕೈ ಅದು. ಅಕ್ಕನೇ ಕೆಡಿಸಿಟ್ಟಿದ್ದಾಳೆ, ತಂಗಿಯ ಕಣ್ಣಿಗೆ ಬೀಳಲಿ ಎಂದು. ಬಾಯಿಬಿಟ್ಟು ಹೇಳಲಾರದೆ.

ಏನ್ ಮೇಡಂ, ಸೈ ತಾನೆ, ನಿರ್ದೇಶಕರು. ಮುಚ್ಚಳ ಬಿಚ್ಚಿ ಅಂದಳು ಅವಳು. ಏನಮ್ಮಾ ನೀನು, ಸೀಲ್ ಆಗಿದೆ, ನಮ್ಮವರೇ ಹೀಗಂದ್ರೆ, ಭಾವನ ನಗು ಒಂದು ಬದಿ ಜಾರಿತು, ಅಕ್ಕ ಆಗಲೇ ಎದ್ದಿದ್ದಾಳೆ, ಸ್ಕ್ರೂಡ್ರೈವರ್ ಚೀಲದಿಂದ ತೆಗೆಯಬೇಕಾಗಲಿಲ್ಲ, ಮೊದಲಿಂದ ಮುಷ್ಟಿಯಲ್ಲೇ ಇತ್ತು, ಗಂಡನ ಮುಂದೆಯೇ ಹಾದು ಬರುತ್ತಿದ್ದಾಳೆ, ಕಣ್ಣು ಅರೆಮುಚ್ಚಿವೆ, ನಿದ್ದೆಗೆಟ್ಟವು, ಅವನ್ನು ನೋಡಲಾರದೆ ತಂಗಿ ಪರದೆಗೆ ತಿರುಗಿದಳು, ಮೊದಲ ಸ್ಕ್ರೂ, ಎರಡನೆಯದು, ಪರದೆಯ ಮೇಲೆ ಅದು ಇನ್ನೂ ನೋಡುತ್ತಲೇ ಇದೆ, ಎವೆಯಿಕ್ಕದೆ, ಅರಳಿದ ಕಣ್ಣು, ಕೊಳೆಯಿಲ್ಲದ್ದು, ನಾಚಿಕೆಯಿಲ್ಲದ್ದು, ಅರಳಿದ ಕಣ್ಣು —