ಶಾರ್ಟ್‌ಕಟ್ಟಲ್ಲಿ ಕಳೆದ ಮುನ್ನೂರು ಹುಟ್ಟಿದ ದಿನ

ನಾನು ಗುರುಬಸಮ್ಮ. ಹೆಡತಲೆ ಸ್ತ್ರೀಶಕ್ತಿ ಸಂಘದ ಕಂಪ್ಯೂಟರ್ ನನ್ನ ಕೈಲಿತ್ತು. ಎರಡು ಸಾವಿರದ ಏಳನೇ ಇಸವಿ ಮಾತು ಇದು. ಹೇಳೋಕೆ ಮುಖ ಇಲ್ಲ, ಆದ್ರೂ ಹೇಳ್ತೀನಿ.

ನಮ್ಮೂರಲ್ಲಿ ಎಷ್ಟೋ ಜನಕ್ಕೆ ತಾವು ಹುಟ್ಟಿದ ದಿನ ಗೊತ್ತಿಲ್ಲ. ಕಚೇರೀಲಿ ವಯಸ್ಸು ಕೇಳಿದ್ರೆ "ನೀವೇ ಒಂದ್ ಆಕ್ಕೊಳಿ ಸಾ" ಅಂತಾರೆ. ಆದ್ರೆ ಸೂಲಗಿತ್ತಿ ಕೆಂಪಾಜಮ್ಮಜ್ಜಿಗೆ ತಾನು ಹೆರಿಗೆ ಮಾಡಿಸಿದ ಒಂದೊಂದು ಕೂಸೂ ನೆನಪು. "ನಿಮ್ ಚಿಕ್ಕಪ್ಪ ಉಟ್ಟಿದ್ದು ಗೌರಿ ಅಬ್ಬ ಕಳ್ದ್ ಮೂರ್ನೇ ಜಿನ, ಬೇಸ್ತವಾರ ಕನಮ್ಮಿ" ಅನ್ನೋಳು. ಮೂರು ತಿಂಗಳು ಅಜ್ಜೀನ ಪಕ್ಕದಲ್ಲಿ ಕೂರಿಸ್ಕೊಂಡು ಮುನ್ನೂರು ಹೆಸರು ಟೈಪ್ ಮಾಡಿದೆ. ಪಟ್ಟಿ ಮುಗಿದ ಮುಂದಿನ ತಿಂಗಳೇ ಅಜ್ಜಿಗೆ ಲಕ್ವ ಹೊಡೆದು ಮಾತು ನಿಂತೋಯ್ತು.

ಆಗ ಶಿವರಂಜನಿ ಬಂದ್ಲು. ನಂಜನಗೂಡಲ್ಲಿ ಕಂಪ್ಯೂಟರ್ ಹೇಳಿಕೊಡೋ ಟೀಚರು, ನನಗಿಂತ ಚಿಕ್ಕೋಳು.

"ಅಕ್ಕ, ಪಟ್ಟಿ ಇರೋದು ಮೈ ಡಾಕ್ಯುಮೆಂಟ್ಸ್‌ನಲ್ಲಿ. ಅದು ಸಿ ಡ್ರೈವಲ್ಲಿದೆ. ಮಿಷನ್ ಕೆಟ್ರೆ ಸಿ ಅಳಿಸಿಬಿಡ್ತಾರೆ. ಒಳಗೆ ಡಿ ಅಂತ ಇನ್ನೊಂದು ಡಿಸ್ಕ್ ಇದ್ಯಲ್ಲ, ಅಲ್ಲಿಗೆ ಸಾಗಿಸಿ. ಮೈ ಡಾಕ್ಯುಮೆಂಟ್ಸ್ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಮೂವ್ ಅನ್ನಿ. ಮಾಡ್ಕೊಡ್ಲಾ?"

"ನಂಗೆ ಬರಲ್ವೇನಮ್ಮ? ನೀನು ಹೋಗು" ಅಂದೆ. ಎಂಥ ಕೊಬ್ಬು ನಂದು!

ಅವಳು ಹೋದ್ಮೇಲೆ ಪಟ್ಟಿಯ ಫೋಲ್ಡರ್ ಹಿಡಿದು ಬಲಗಡೆ ಗುಂಡೀಲಿ ಡಿಗೆ ಎಳೆದೆ. ನಾಲ್ಕು ಸಾಲು ಇಂಗ್ಲಿಷ್ ಬಂತು. ಒಂದರಲ್ಲಿ ಶಾರ್ಟ್‌ಕಟ್ ಅಂತಿತ್ತು. ಶಾರ್ಟ್‌ಕಟ್ ಅಂದ್ರೆ ಬೇಗ ತಲುಪೋ ದಾರಿ ತಾನೆ? ಬಸ್ಸಿಗೆ ಹೊತ್ತಾದ್ರೆ ನಾವು ಗದ್ದೆ ಬದುವಿನ ಮೇಲೆ ಶಾರ್ಟ್‌ಕಟ್ಟಲ್ಲಿ ಓಡಲ್ವಾ? ಅದನ್ನೇ ಒತ್ತಿದೆ. ಡಿ ಒಳಗೆ ಪುಟ್ಟ ಬಾಣದ ಗುರುತಿನ ಫೋಲ್ಡರ್ ಬಂತು. ತೆಗೆದ್ರೆ ಪಟ್ಟೀನೂ ಕಾಣಿಸ್ತು. ಬೀಗಿಬಿಟ್ಟೆ.

ಆಮೇಲೆ ಆಂಟಿವೈರಸ್ ಹಾಕೋಕೆ ಕೂತೆ. ಹಳೇದು ವಾಯಿದೆ ಮುಗಿದು ಒಳಗೇ ಇತ್ತು. ಹೊಸ ಸಿಡಿ ಹಾಕಿದ್ರೆ, ಮೊದಲು ಹಳೇದನ್ನ ತೆಗೀರಿ ಅಂತ ಬಂತು. ನಾವು ನಂಜುಂಡೇಶ್ವರನಿಗೂ ಹರಕೆ ಹೊರ್ತೀವಿ, ಮಾದಪ್ಪನಿಗೂ ಹೊರ್ತೀವಿ. ಕಾಯೋರು ಇಬ್ಬರಿದ್ರೆ ಒಳ್ಳೇದೇ ಅಂತ ಮುಂದಕ್ಕೆ ಒತ್ತಿದೆ. ಅವೆರಡಕ್ಕೂ ಜಗಳ ಹತ್ಕೊಂಡು ಮಿಷನ್ ಏಳಲೇ ಇಲ್ಲ.

ತಿ. ನರಸೀಪುರದಿಂದ ರಿಪೇರಿ ರುದ್ರೇಶ್ ಬಂದ.

"ಸಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕ್ಬೇಕು ಕಣಕ್ಕ. ಅದ್ರಲ್ಲಿ ಬೇಕಾದ್ದು ಇದ್ರೆ ಹೇಳಿ, ಅಂಗಡಿಗೆ ತಗೊಂಡೋಗಿ ಮೊದ್ಲು ತೆಗೆದಿಡ್ತೀನಿ."

"ಎಲ್ಲಾ ಡಿ ಡಿಸ್ಕಲ್ಲಿದೆ. ನೀನು ಅಳ್ಸಪ್ಪ."

ಅಳಿಸಿದ. ಮಿಷನ್ ಎದ್ದಿತು. ಬಾಣದ ಫೋಲ್ಡರ್ ಒತ್ತಿದೆ. ಪರದೆ ಮೇಲೆ ಒಂದು ಟಾರ್ಚ್ ಅತ್ಲಾಗೆ ಇತ್ಲಾಗೆ ಆಡ್ತಾ ಹುಡುಕ್ತು. ಏನೂ ಸಿಗಲಿಲ್ಲ.

"ಅಯ್ಯೋ ಅಕ್ಕ, ಇದು ದಾರಿ ತೋರ್ಸೋ ಗುರುತು ಅಷ್ಟೆ. ಪಟ್ಟಿ ಸಿ ಒಳಗೇ ಇತ್ತು" ಅಂದ ರುದ್ರೇಶ್.

ಮಾರನೇ ದಿನ ನಮ್ಮೂರ ವೆಂಕಟಮ್ಮ ಬಂದ್ಲು. "ಪೆನ್ಸನ್ ಅರ್ಜಿ ಆಕ್ಬೇಕು ಕನವ್ವ, ನಾನ್ ಉಟ್ಟಿದ್ ಜಿನ ಬರ್ಕೊಡು."

"ವೈರಸ್ ತಿಂದಾಕ್ತು ವೆಂಕಟಮ್ಮ" ಅಂತ ಸುಳ್ಳು ಹೇಳಿದೆ.

"ಅಯ್ಯೋ ಪಾಪ, ನೀನಾದ್ರೂ ಏನ್ ಮಾಡೀಯೆ" ಅಂತ ನನಗೇ ಸಮಾಧಾನ ಹೇಳಿದ್ಲು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ವಾರದ ಸಭೇಲಿ ಎದ್ದು ನಿಂತು ನಿಜ ಹೇಳಿದೆ. ವೆಂಕಟಮ್ಮನ್ನ ಕರ್ಕೊಂಡು ಕೆಂಪಾಜಮ್ಮಜ್ಜಿ ಮನೆಗೂ ಹೋದೆ. ಅಜ್ಜಿ ಎಲ್ಲಾ ಕೇಳಿಸ್ಕೊಂಡ್ಲು. ವೆಂಕಟಮ್ಮನ ಮುಖ ನೋಡಿ "ಬಾ... ಬಾ..." ಅಂತ ವಾರದ ಹೆಸರು ಹೇಳೋಕೆ ತೊದಲಿದ್ಲು. ವೆಂಕಟಮ್ಮ ಹುಟ್ಟಿದ ದಿನ ಅಜ್ಜಿಗೆ ನೆನಪಿತ್ತು, ನಾಲಿಗೆಗೆ ಬರಲಿಲ್ಲ. ಕಣ್ಣಲ್ಲಿ ನೀರು ಸುರೀತು. ನಾನು ತಲೆ ಎತ್ತಲಿಲ್ಲ.

ಆ ಪಟ್ಟಿ ಹೋಗಿದ್ದು ಹೋಯ್ತು. ಈಗ ನಮ್ಮ ಸಂಘದ ಹೊಸ ಲೆಕ್ಕಪತ್ರ ಎಲ್ಲಾ ಡಿ ಡಿಸ್ಕಲ್ಲಿದೆ, ಶಿವರಂಜನಿ ಪಕ್ಕದಲ್ಲಿ ಕೂತು ಸಾಗಿಸಿಕೊಟ್ಲು. ಒಂದು ಪ್ರತಿ ಕಾಗದದಲ್ಲೂ ಇದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಡತ ಎಲ್ಲಿದೆ ಅಂತ ಇವತ್ತೇ ನೋಡಿ. ಬೇರೆ ಡಿಸ್ಕಿಗೆ ಸಾಗಿಸಿ, ಸಿಡಿಗೂ ಒಂದು ಪ್ರತಿ ಹಾಕಿಡಿ. ಹಳೇ ಆಂಟಿವೈರಸ್ ತೆಗೆದ ಮೇಲೇ ಹೊಸದು ಹಾಕಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಕೇಳಿ. ಕೇಳೋ ನಾಚಿಕೆ ಐದು ನಿಮಿಷಕ್ಕೆ ಹೋಗುತ್ತೆ. ನಂದು ಇನ್ನೂ ಹೋಗಿಲ್ಲ.